ಹಳೇ ಕಾರಿಗೆ ಹೊಸ ಬ್ಯಾಟರಿ: ಯಾವ ಗಾಡಿಗೆ ಯಾವುದು ಸರಿ?

ಹಳೇ ಕಾರಿನ ಬ್ಯಾಟರಿ ಓಡಿ ಸವೆಯುವುದು ಕಡಿಮೆ, ನಿಂತು ಹಾಳಾಗುವುದೇ ಜಾಸ್ತಿ. ಇದೊಂದು ಮಾತು ತಲೆಯಲ್ಲಿದ್ದರೆ ಅಂಗಡಿಯಲ್ಲಿ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಮುಂಬೈ, ಪುಣೆ, ಗೋವಾ ಕಡೆ ನಮ್ಮವರ ಹತ್ತಿರ ಹಳೇ ಗಾಡಿಗಳು ಸಾಕಷ್ಟಿವೆ. ಮಾಟುಂಗಾದಲ್ಲಿ ಹೋಟೆಲ್ ನಡೆಸುತ್ತಿದ್ದ ಅಪ್ಪ ಕೊಂಡ ಫಿಯೆಟ್, ಪುಣೆಯ ಮನೆಯಲ್ಲಿ ಮುಚ್ಚಿಟ್ಟ ಅಂಬಾಸಿಡರ್, ಮಡಗಾಂವ್‌ನಲ್ಲಿ ಯಾರದೋ ಹಿತ್ತಲಿನಿಂದ ಎತ್ತಿ ತಂದ ಮೋರಿಸ್ ಮೈನರ್ ಅಥವಾ ಬೀಟಲ್. ಇವು ದಿನಾ ಆಫೀಸಿಗೆ ಹೋಗುವ ಗಾಡಿಗಳಲ್ಲ. ಭಾನುವಾರ ಬೆಳಿಗ್ಗೆ ಮರೀನ್ ಡ್ರೈವ್‌ನಲ್ಲಿ ಒಂದು ಸುತ್ತು, ವರ್ಷಕ್ಕೊಂದು ರ‍್ಯಾಲಿ, ಮಳೆಗಾಲ ಪೂರ್ತಿ ಕವರ್ ಹೊದ್ದು ನಿಲ್ಲುವುದು. ಕಾನೂನೂ ಹಾಗೇ ಇದೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ, 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಿ ‘ವಿಎ’ ಸರಣಿಯ ನಂಬರ್ ಪಡೆದರೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು.

ಅಂಗಡಿಯ ಬ್ಯಾಟರಿಗಳನ್ನು ಮಾಡಿರುವುದು ದಿನಾ ಓಡುವ ಗಾಡಿಗೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಚೆಂಬೂರಿನಲ್ಲಿ ನಮ್ಮ ಊರ ಕಡೆಯ ಒಬ್ಬ ಹಿರಿಯರಿದ್ದಾರೆ. ಅವರದು 1960ರ ದಶಕದ ಫಿಯೆಟ್ 1100. “ಮಾರಾಯ, ಬ್ಯಾಟರಿ ಹಾಕಿಸಿ ಒಂದು ವರ್ಷ ಆಗ್ಲಿಲ್ಲ, ಮತ್ತೆ ಸತ್ತಿದೆ. ಈ ಸಲ ದೊಡ್ಡದೇ ಹಾಕಿಸುವಾ ಅಂತ ಉಂಟು” ಎಂದರು. ಅಂಗಡಿಯವರೂ ಸಾಮರ್ಥ್ಯದಲ್ಲಿ (ಎಷ್ಟು ಆಂಪಿಯರ್ ಎಷ್ಟು ಗಂಟೆ ಕೊಡಬಲ್ಲದು ಎಂಬ ಲೆಕ್ಕದಲ್ಲಿ) 60 ಆಂಪಿಯರ್-ಅವರ್‌ನದ್ದೇ ಹಾಕಿಸಿ ಎಂದಿದ್ದರಂತೆ. “ಸ್ವಲ್ಪ ತಡೀರಿ ಅಣ್ಣ” ಎಂದು ಮಲ್ಟಿಮೀಟರ್ ತೆಗೆದುಕೊಂಡು ಹೋದೆ. ಕೀ ತೆಗೆದ ಮೇಲೂ ಗಾಡಿ 20 ಮಿಲಿಆಂಪಿಯರ್ ಎಳೆಯುತ್ತಿತ್ತು. ಮೊಮ್ಮಗ ಪ್ರೀತಿಯಿಂದ ಹಾಕಿಸಿಕೊಟ್ಟ ಮ್ಯೂಸಿಕ್ ಸಿಸ್ಟಮ್‌ನ ಮೆಮೊರಿ ವೈರು ನೇರವಾಗಿ ಬ್ಯಾಟರಿಗೆ ಹೋಗಿತ್ತು. 20 ಮಿಲಿಆಂಪಿಯರ್ ಅಂದರೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ. ಒಟ್ಟು 14 ಆಂಪಿಯರ್-ಅವರ್ ದಾಟುತ್ತದೆ. 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಶೇಕಡ 40ರಷ್ಟು ಒಂದೇ ತಿಂಗಳಲ್ಲಿ ಸೋರಿಹೋಯಿತು. 60ರದ್ದು ಹಾಕಿಸಿದ್ದರೆ ಅದು ಸಾಯುವುದು ಒಂದೆರಡು ತಿಂಗಳು ಮುಂದಕ್ಕೆ ಹೋಗುತ್ತಿತ್ತು, ಅಷ್ಟೆ.

ಖಾಲಿಯಾಗಿ ನಿಂತ ಬ್ಯಾಟರಿಗೆ ಏನಾಗುತ್ತದೆ ಎಂಬುದು ಗೊತ್ತಿರಲಿ. ಚಾರ್ಜ್ ಇಳಿದಂತೆ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಕರಗಿ ವಾಪಸ್ ಆಸಿಡ್‌ಗೆ ಸೇರುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಬಿಡುವುದಿಲ್ಲ. ಪ್ಲೇಟಿನ ಅಷ್ಟು ಭಾಗ ಕೆಲಸಕ್ಕೆ ಬಾರದಂತಾಯಿತು ಎಂದೇ ಅರ್ಥ. ಇದರ ಜೊತೆಗೆ ನಮ್ಮ ಕರಾವಳಿಯ ಸೆಕೆ ಬೇರೆ. ಬಿಸಿ 10 ಡಿಗ್ರಿ ಏರಿದರೆ ಬ್ಯಾಟರಿ ತನ್ನಷ್ಟಕ್ಕೆ ಇಳಿಯುವ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಯುರೋಪಿನವರು ಬರೆದ ‘ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ’ ಎಂಬ ಸಲಹೆ ಮುಂಬೈಗೆ ಹೊಂದುವುದಿಲ್ಲ.

ಕೊಳ್ಳುವ ಮೊದಲು ಗಾಡಿಯನ್ನು ನೋಡಿ

ಮೊದಲ ಪ್ರಶ್ನೆ, ಗಾಡಿ 12 ವೋಲ್ಟೋ 6 ವೋಲ್ಟೋ? ಫಿಯೆಟ್ 1100, ಪದ್ಮಿನಿ, ಅಂಬಾಸಿಡರ್ ಎಲ್ಲ 12 ವೋಲ್ಟ್. 6 ವೋಲ್ಟ್ ಗಾಡಿಗಳ ಕಥೆಯೇ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೆಯದು, ಗಾಡಿಯ ಲೋಹದ ಬಾಡಿಗೆ (ಮೈಗೆ) ಜೋಡಿಸಿರುವ ಅರ್ಥ್ ಯಾವುದು, ಪಾಸಿಟಿವೋ ನೆಗೆಟಿವೋ? 1960ರ ದಶಕದ ಮಧ್ಯದವರೆಗೆ ಬಂದ ಬಹಳಷ್ಟು ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಇರುತ್ತದೆ. ಫಿಯೆಟ್‌ನಲ್ಲಿ ನೆಗೆಟಿವ್. ಈಗಿನ ಹುಡುಗರು ಕಪ್ಪು ವೈರು ಬಾಡಿಗೆ ಎಂದು ಕಣ್ಣು ಮುಚ್ಚಿ ಹಾಕಿಬಿಡುತ್ತಾರೆ. ಎಂಜಿನ್ ತಿರುಗುವಾಗ ಬ್ಯಾಟರಿಗೆ ಚಾರ್ಜ್ ಕೊಡಲು ಹಳೇ ಮಾದರಿಯ ಡೈನಮೋ ಇರುವ ಗಾಡಿಯಲ್ಲಿ ಉಲ್ಟಾ ಹಾಕಿದರೆ ಡೈನಮೋಗೆ ಮತ್ತೆ ಸರಿಯಾದ ಪೋಲಾರಿಟಿ ಕೊಡಿಸಬೇಕಾಗುತ್ತದೆ. ಅದರ ಬದಲು ಹೊಸ ಮಾದರಿಯ ಆಲ್ಟರ್ನೇಟರ್ ಇದ್ದರೆ ಅದರ ಡಯೋಡ್‌ಗಳು ಕ್ಷಣದಲ್ಲಿ ಸುಡುತ್ತವೆ. ಹಿಂದಿನ ಮಾಲೀಕರು ಯಾರಾದರೂ ಪಾಸಿಟಿವ್‌ನಿಂದ ನೆಗೆಟಿವ್‌ಗೆ ಬದಲಾಯಿಸಿರಲೂಬಹುದು. ಪುಸ್ತಕ ನಂಬಬೇಡಿ, ಹಳೇ ಬ್ಯಾಟರಿ ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ.

ಮೂರನೆಯದೇ ಬಹಳ ಮುಖ್ಯ. ಬ್ಯಾಟರಿಗೆ ಚಾರ್ಜ್ ಕೊಡುವುದು ಯಾವುದು, ಎಷ್ಟು ಕೊಡುತ್ತದೆ? ಎಂಜಿನ್ ಸ್ವಲ್ಪ ರೇಸ್‌ನಲ್ಲಿಟ್ಟು ಮಲ್ಟಿಮೀಟರನ್ನು ಬ್ಯಾಟರಿಯ ಎರಡು ಟರ್ಮಿನಲ್‌ಗೆ ಹಿಡಿಯಿರಿ. 13.8ರಿಂದ 14.4 ವೋಲ್ಟ್ ಒಳಗೆ ಇದ್ದರೆ ಒಳ್ಳೆಯದು. 13.5ರ ಕೆಳಗೇ ನಿಂತರೆ ಯಾವ ಬ್ಯಾಟರಿ ಹಾಕಿದರೂ ಅದಕ್ಕೆ ಹೊಟ್ಟೆ ತುಂಬುವುದಿಲ್ಲ. 14.8 ದಾಟಿದರೆ ಆಸಿಡ್‌ನಲ್ಲಿನ ನೀರು ಗ್ಯಾಸಾಗಿ ಹೋಗುತ್ತದೆ. ಎರಡಕ್ಕೂ ಮದ್ದು ಡೈನಮೋ ಕೊಡುವ ವೋಲ್ಟನ್ನು ಹತೋಟಿಯಲ್ಲಿಡುವ ಕಟ್‌ಔಟ್‌ನಲ್ಲಿದೆ, ಹೊಸ ಬ್ಯಾಟರಿಯಲ್ಲಿ ಇಲ್ಲ. ಡೈನಮೋ ಮತ್ತು ಕಟ್‌ಔಟ್ ಸರಿ ಮಾಡುವ ಕೈಗಳು ಮುಂಬೈಯಲ್ಲೂ ಕಡಿಮೆಯಾಗುತ್ತಿವೆ. ಕುರ್ಲಾದಲ್ಲಿ ಹುಟ್ಟಿದ ಪದ್ಮಿನಿಯ ಕೊನೆಯ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು. ಆ ಟ್ಯಾಕ್ಸಿಗಳನ್ನೇ ನಂಬಿದ್ದ ಮಿಸ್ತ್ರಿಗಳು ಒಬ್ಬೊಬ್ಬರಾಗಿ ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆ. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಸಿಕ್ಕರೆ ಅವರ ನಂಬರ್ ಭದ್ರವಾಗಿಟ್ಟುಕೊಳ್ಳಿ.

ಇನ್ನೂ ಒಂದು ಪರೀಕ್ಷೆ. ಸೆಲ್ಫ್ ಹೊಡೆಯುವಾಗ ಮೀಟರ್ ಮೇಲೆ ಕಣ್ಣಿಡಿ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ 9.6 ವೋಲ್ಟ್‌ಗಿಂತ ಕೆಳಗೆ ಬೀಳಬಾರದು. ಬಿದ್ದರೆ ಬ್ಯಾಟರಿ ಮುಗಿದಿದೆ. ಬೀಳದೆಯೂ ಸೆಲ್ಫ್ ಎಳೆದೆಳೆದು ತಿರುಗಿದರೆ ತಪ್ಪು ಬೇರೆಡೆ ಇದೆ. ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಮೀಟರಿನ ಒಂದು ಕಡ್ಡಿಯನ್ನು ಬಾಡಿಗೆ ಹೋಗುವ ಬ್ಯಾಟರಿ ಪೋಸ್ಟಿಗೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಹಿಡಿಯಿರಿ. ಅಲ್ಲಿ 0.3 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಪಟ್ಟಿ ಕೆಟ್ಟಿದೆ ಎಂದು ತಿಳಿಯಿರಿ. ಸಮುದ್ರದ ಗಾಳಿ ಈ ಪಟ್ಟಿಯನ್ನು ಒಳಗಿಂದಲೇ ತಿನ್ನುತ್ತದೆ. ಹೊರಗೆ ಹೆಣಿಗೆ ಸರಿಯಾಗಿಯೇ ಕಾಣುತ್ತದೆ, ಬಾಗಿಸಿದರೆ ತಾಮ್ರದ ಎಳೆಗಳು ಹಸಿರು ಪುಡಿಯಾಗಿ ಉದುರುತ್ತವೆ. ಪಣಜಿ, ಮಡಗಾಂವ್ ಕಡೆಯ ಗಾಡಿಗಳಲ್ಲಿ ಇದು ಬಹಳ. ಹೊಸ ಪಟ್ಟಿಗೆ ಆಗುವ ಖರ್ಚು ಬ್ಯಾಟರಿಯ ಮುಂದೆ ಏನೇನೂ ಅಲ್ಲ. ಎಷ್ಟೋ ಒಳ್ಳೆಯ ಬ್ಯಾಟರಿಗಳು ಈ ಒಂದು ಪಟ್ಟಿಯ ತಪ್ಪಿಗೆ ಗುಜರಿ ಸೇರುತ್ತವೆ.

ಕ್ಯಾಪ್ ಇರುವ ಬ್ಯಾಟರಿಯೋ, ಸೀಲ್ಡ್ ಬ್ಯಾಟರಿಯೋ?

ಹೆಚ್ಚಿನವರಿಗೆ ನಿಜವಾದ ಆಯ್ಕೆ ಇವೆರಡರ ನಡುವೆಯೇ.

ಕ್ಯಾಪ್ ಬಿಚ್ಚಿ ಡಿಸ್ಟಿಲ್ಡ್ ವಾಟರ್ ಹಾಕುವ ಹಳೇ ಮಾದರಿಯ ಬ್ಯಾಟರಿಯಲ್ಲಿ ಸೀಸಕ್ಕೆ ಆಂಟಿಮನಿ ಬೆರೆಸಿರುತ್ತಾರೆ. ನೀರು ಜಾಸ್ತಿ ಕುಡಿಯುತ್ತದೆ, ಸುಮ್ನೆ ನಿಂತರೂ ಚಾರ್ಜ್ ಬೇಗ ಇಳಿಯುತ್ತದೆ. ಆದರೆ ಹಳೇ ಡೈನಮೋದ ಏರುಪೇರನ್ನು ತಾಳಿಕೊಳ್ಳುವ ಗುಣ ಇದಕ್ಕಿದೆ. ಕಟ್‌ಔಟ್ ಒಂದು ದಿನ ಜಾಸ್ತಿ ವೋಲ್ಟ್ ಕೊಟ್ಟು ನೀರು ಹೋದರೆ ಮತ್ತೆ ತುಂಬಿಸಬಹುದು. ಪೂರ್ತಿ ಖಾಲಿಯಾದರೂ ಬೇಗ ಗಮನಿಸಿ ನಿಧಾನವಾಗಿ ಚಾರ್ಜ್ ಮಾಡಿದರೆ ಎದ್ದು ಕೂರುತ್ತದೆ. ಎಲ್ಲಕ್ಕಿಂತ ದೊಡ್ಡ ಲಾಭ ಎಂದರೆ ಒಳಗೆ ಏನಾಗುತ್ತಿದೆ ಎಂದು ಕಣ್ಣಾರೆ ನೋಡಬಹುದು. ಹೈಡ್ರೋಮೀಟರ್ (ಆಸಿಡ್‌ನ ಸಾಂದ್ರತೆ ಅಳೆಯುವ, ಒಳಗೆ ಬುರುಡೆ ತೇಲುವ ಕೊಳವೆ) ಇಳಿಸಿ ಆರೂ ಸೆಲ್ಲುಗಳ ಆಸಿಡ್ ಎಳೆದು ನೋಡಿ. ಐದು ಸೆಲ್ಲಿನಲ್ಲಿ ಬುರುಡೆ 1.240ರ ಗೆರೆಗೆ ತೇಲಿ, ಒಂದರಲ್ಲಿ 1.150ಕ್ಕೆ ಮುಳುಗಿದರೆ ಆ ಒಂದು ಸೆಲ್ಲು ಹೋಗಿದೆ ಎಂದು ನಿಮಗೆ ಅಲ್ಲೇ ಗೊತ್ತಾಗುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ. ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಹೊರದೇಶದ ಪಟ್ಟಿಗಳಲ್ಲಿ ಪೂರ್ತಿ ಚಾರ್ಜ್ ಎಂದರೆ 1.265ರಿಂದ 1.280 ಎಂದು ಬರೆದಿರುತ್ತದೆ. ನಮ್ಮ ಬಿಸಿ ದೇಶಕ್ಕೆ ತುಂಬುವ ಆಸಿಡ್ ಸ್ವಲ್ಪ ತೆಳು, ಪೂರ್ತಿ ಚಾರ್ಜ್ ಆದಾಗಲೂ 1.240ರ ಆಸುಪಾಸಿನಲ್ಲೇ ಇರಬಹುದು. ಆ ಪಟ್ಟಿ ನೋಡಿ ಹೆದರಿ ಮೇಲಿಂದ ಆಸಿಡ್ ಸುರಿಯಬೇಡಿ. ಕಡಿಮೆಯಾಗುವುದು ನೀರು, ತುಂಬಬೇಕಾದದ್ದೂ ನೀರೇ.

ಸೀಲ್ಡ್, ಅಂದರೆ ‘ಮೆಂಟೆನೆನ್ಸ್ ಫ್ರೀ’ ಬ್ಯಾಟರಿಯಲ್ಲಿ ಆಂಟಿಮನಿ ಬದಲು ಕ್ಯಾಲ್ಸಿಯಂ ಇರುತ್ತದೆ. ನೀರು ಬಹಳ ಕಡಿಮೆ ಖರ್ಚಾಗುತ್ತದೆ, ನಿಂತಾಗ ಚಾರ್ಜ್ ನಿಧಾನವಾಗಿ ಇಳಿಯುತ್ತದೆ. ನಿಲ್ಲುವ ಗಾಡಿಗೆ ಇದೇ ಸರಿ ಅಲ್ವಾ ಅನ್ನಿಸಬಹುದು. ಎರಡು ತೊಡಕುಗಳಿವೆ. ಒಂದು, ಪೂರ್ತಿ ತುಂಬಲು ಇದಕ್ಕೆ ಸ್ವಲ್ಪ ಜಾಸ್ತಿ ವೋಲ್ಟ್ ಬೇಕು, 14.4ರ ಹತ್ತಿರ. ಹಳೇ ಡೈನಮೋ ಗಾಡಿ ಊರೊಳಗೆ ಸುತ್ತಿದರೆ ಅಷ್ಟು ಸಿಗುವುದೇ ಅಪರೂಪ. ಹಾಗಾಗಿ ಬ್ಯಾಟರಿ ಯಾವಾಗಲೂ ಮುಕ್ಕಾಲು ಹೊಟ್ಟೆಯಲ್ಲೇ ಇರುತ್ತದೆ. ಎರಡು, ಒಮ್ಮೆ ಪೂರ್ತಿ ಖಾಲಿಯಾದರೆ ವಾಪಸ್ ಬರುವುದು ಕಷ್ಟ. ಚಾರ್ಜ್ ಇದೆ ಎಂದು ತೋರಿಸುವ ಮೇಲಿನ ಹಸಿರು ಕಣ್ಣನ್ನೂ ಪೂರ್ತಿ ನಂಬುವಂತಿಲ್ಲ. ಅದು ನೋಡುವುದು ಒಂದೇ ಸೆಲ್ಲನ್ನು, ಉಳಿದ ಐದು ಹೇಗಿವೆ ಎಂದು ಅದಕ್ಕೆ ಗೊತ್ತಿಲ್ಲ.

ಡೈನಮೋ ಗಾಡಿಯ ಇನ್ನೊಂದು ಸ್ವಭಾವವನ್ನು ಈ ಹೋಲಿಕೆಯಲ್ಲಿ ಮರೆಯಬಾರದು. ಐಡಲ್‌ನಲ್ಲಿ ಡೈನಮೋ ಚಾರ್ಜ್ ಮಾಡುವುದಿಲ್ಲ. ಎರಡು ಹೆಡ್‌ಲೈಟ್, ಹಿಂದಿನ ದೀಪ ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಸಂಜೆ ಏಳಕ್ಕೆ ಸಾಯನ್ ಸಿಗ್ನಲ್‌ನಿಂದ ಶುರುವಾಗುವ ಟ್ರಾಫಿಕ್‌ನಲ್ಲಿ ಒಂದು ಗಂಟೆ ತೆವಳಿದರೆ 35ರ ಬ್ಯಾಟರಿಯ ಕಾಲುಭಾಗ ದೀಪಕ್ಕೇ ಹೋಗುತ್ತದೆ. ಮನೆಗೆ ಬಂದು ಗಾಡಿ ನಿಲ್ಲಿಸಿ ಕವರ್ ಹಾಕುತ್ತೀರಿ. ಓಡಿಸಿಕೊಂಡು ಬಂದಿದ್ದೇನೆ, ಚಾರ್ಜ್ ಆಗಿರುತ್ತದೆ ಎಂದುಕೊಳ್ಳುತ್ತೀರಿ. ಚಾರ್ಜ್ ಇಳಿದಿರುತ್ತದೆ.

ಅದಕ್ಕೇ ನನ್ನ ಅಭಿಪ್ರಾಯದಲ್ಲಿ ಈ ಆಯ್ಕೆಯನ್ನು ತೀರ್ಮಾನಿಸುವುದು ಗಾಡಿಗಿಂತ ಜಾಸ್ತಿ ನಿಮ್ಮ ಪಾರ್ಕಿಂಗ್. ಗಾಡಿ ನಿಲ್ಲುವಲ್ಲಿ ಕರೆಂಟಿನ ಪ್ಲಗ್ ಇದೆಯೋ ಇಲ್ಲವೋ?

ಪುಣೆಯ ಕೊತ್ರೂಡ್ ಕಡೆಯ ಹಳೇ ಮನೆ, ಗೋವಾದಲ್ಲಿ ಅಂಗಳ ಇರುವ ಮನೆ, ಇಂಥ ಕಡೆ ಪ್ಲಗ್ ಇರುತ್ತದೆ. ಅಲ್ಲಿ ಕ್ಯಾಪ್ ಇರುವ ಬ್ಯಾಟರಿಯೇ ಸರಿ. ಒಂದು ಸಣ್ಣ ಆಟೋಮ್ಯಾಟಿಕ್ ಚಾರ್ಜರ್ ಕೊಳ್ಳಿ, ತುಂಬಿದ ಮೇಲೆ ತಾನೇ 13.5ರ ಆಸುಪಾಸಿಗೆ ಇಳಿದು ನಿಲ್ಲುವಂಥದ್ದು. ತಿಂಗಳಿಗೊಮ್ಮೆ ಒಂದು ರಾತ್ರಿ ಹಾಕಿಟ್ಟರೆ ಸಾಕು. ಚಾರ್ಜ್ ದರ ಬ್ಯಾಟರಿಯ ಹತ್ತನೇ ಒಂದು ಭಾಗದಷ್ಟಿರಲಿ, 35ರದ್ದಕ್ಕೆ ಮೂರೂವರೆ ಆಂಪಿಯರ್. ಅಂಗಡಿಯಲ್ಲಿ ಎರಡು ಗಂಟೆಯಲ್ಲಿ ಚಾರ್ಜ್ ಮಾಡಿಕೊಡುತ್ತೇವೆ ಎಂದರೆ ಬೇಡ ಅನ್ನಿ, ಆ ಬಿಸಿಗೆ ಪ್ಲೇಟುಗಳು ಬಾಗುತ್ತವೆ.

ಡೊಂಬಿವಿಲಿ, ಠಾಣೆ, ಮೀರಾ ರೋಡ್‌ನ ಸೊಸೈಟಿ ಪಾರ್ಕಿಂಗ್ ಆದರೆ ಪ್ಲಗ್‌ನ ಆಸೆ ಬಿಡಬೇಕು. ಬ್ಯಾಟರಿ ಬಿಚ್ಚಿ ಲಿಫ್ಟಿನಲ್ಲಿ ಮನೆಗೇ ತರಬೇಕು. ಆಗ ಲೆಕ್ಕ ಬದಲಾಗುತ್ತದೆ. 35ರ ಬ್ಯಾಟರಿ ಸುಮಾರು ಹತ್ತು ಕಿಲೋ, ಎತ್ತಬಹುದು. 60ರದ್ದು 15 ಕಿಲೋ ದಾಟುತ್ತದೆ, ಅರವತ್ತು ದಾಟಿದವರ ಬೆನ್ನಿಗೆ ಅದು ಒಳ್ಳೆಯದಲ್ಲ. ಕ್ಯಾಪ್ ಇರುವುದು ಸ್ವಲ್ಪ ವಾಲಿದರೂ ಆಸಿಡ್ ಜಿನುಗುತ್ತದೆ, ಲಿಫ್ಟಿನ ನೆಲ, ಪ್ಯಾಂಟು, ಕೈ ಎಲ್ಲ ಹಾಳು. ಇಂಥವರಿಗೆ ಸೀಲ್ಡ್ ಬ್ಯಾಟರಿಯೇ ಒಳ್ಳೆಯದು. ಮನೆಯೊಳಗೆ ಚಾರ್ಜ್ ಮಾಡುವಾಗ ಬಾಲ್ಕನಿಯಲ್ಲೇ ಇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಸೀಲ್ಡ್‌ನಲ್ಲೂ ಗಾಳಿ ಹೋಗುವ ಸಣ್ಣ ತೂತು ಇದ್ದೇ ಇರುತ್ತದೆ. ಗ್ಯಾಸ್ ಒಲೆ, ದೇವರ ದೀಪ, ಊದಿನಕಡ್ಡಿ ಹತ್ತಿರ ಎಂದೂ ಬೇಡ.

ಎರಡು ಕಡೆಯವರಿಗೂ ಒಂದೇ ಮಾತು: ಮೇನ್ ಸ್ವಿಚ್ ಹಾಕಿಸಿ. ಬ್ಯಾಟರಿಯ ಅರ್ಥ್ ಬದಿಯ ಟರ್ಮಿನಲ್ ಮೇಲೇ ಕೂರುವ ಹಿತ್ತಾಳೆಯ ತಿರುಪಿನ ಸ್ವಿಚ್ ಸಿಗುತ್ತದೆ. ನಾಲ್ಕು ಸುತ್ತು ತಿರುಗಿಸಿದರೆ ಗಾಡಿಗೂ ಬ್ಯಾಟರಿಗೂ ಸಂಬಂಧ ಕಡಿಯಿತು. ಹಳೇ ಗಾಡಿಯ ವೈರಿಂಗ್‌ಗೆ ಸುತ್ತಿದ ಬಟ್ಟೆ, ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತವೆ, ಎಷ್ಟೋ ವೈರುಗಳಿಗೆ ಫ್ಯೂಸೇ ಇರುವುದಿಲ್ಲ. ಬೆಂಕಿಯ ಭಯಕ್ಕೂ ಈ ಸ್ವಿಚ್ಚೇ ಮದ್ದು. ಹೊಸ ಬ್ಯಾಟರಿಗೆ ದುಡ್ಡು ಸಾಲದೆ ಹೋದರೂ ಇದಕ್ಕೆ ಈವತ್ತೇ ಖರ್ಚು ಮಾಡಿ.

ಎಜಿಎಂ, ಲಿಥಿಯಂ ಮತ್ತು ಇತರೆ

ಎಜಿಎಂ ಬ್ಯಾಟರಿಯಲ್ಲಿ ಆಸಿಡ್ ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡಿರುತ್ತದೆ. ಚೆಲ್ಲುವುದಿಲ್ಲ, ಕುಲುಕಾಟ ತಡೆಯುತ್ತದೆ, ನಿಂತಾಗ ಚಾರ್ಜ್ ಬಹಳ ನಿಧಾನಕ್ಕೆ ಇಳಿಯುತ್ತದೆ. ಬಂಪರ್, ಬಾಡಿ ಎಲ್ಲ ಹೊಸದಾಗಿ ಮಾಡಿಸಿದ ಗಾಡಿಯಲ್ಲಿ ಆಸಿಡ್ ಹಬೆಯೇ ಬೇಡ ಎನ್ನುವವರಿಗೆ ಇದು ಆಕರ್ಷಕ. ಬ್ಯಾಟರಿ ಸೀಟಿನ ಹಿಂದೆ ಅಥವಾ ಡಿಕ್ಕಿಯಲ್ಲಿ ಇರುವ ಗಾಡಿಗಳಿಗಂತೂ ನಾನೂ ಇದನ್ನೇ ಹೇಳುತ್ತೇನೆ. ಆದರೆ ಜಾಸ್ತಿ ವೋಲ್ಟ್ ಇದಕ್ಕೆ ಆಗುವುದಿಲ್ಲ. ಕಟ್‌ಔಟ್ 15ಕ್ಕೆ ಏರಿದರೆ ವಾಲ್ವ್ ತೆರೆದು ಗ್ಯಾಸ್ ಹೋಗುತ್ತದೆ, ಹೋದ ನೀರನ್ನು ಮತ್ತೆ ತುಂಬುವ ದಾರಿ ಇಲ್ಲ. ಬಾನೆಟ್ ಒಳಗಿನ ಬಿಸಿಯೂ ಇದಕ್ಕೆ ಶತ್ರು. ನಮ್ಮಲ್ಲಿ ಇದು ಹೆಚ್ಚಾಗಿ ಸಿಗುವುದು ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ಆನ್ ಆಗುವ ಹೊಸ ಕಾರುಗಳಿಗೆ ಮಾಡಿದ ದೊಡ್ಡ ಅಳತೆಯಲ್ಲಿ. ಫಿಯೆಟ್ ತಟ್ಟೆಗೆ ಅದು ಕೂರುವುದಿಲ್ಲ. ಬೆಲೆಯೂ ಮಾಮೂಲಿಯ ಎರಡು ಪಟ್ಟು ಅಥವಾ ಇನ್ನೂ ಜಾಸ್ತಿ. ಕಟ್‌ಔಟ್ ಸರಿಪಡಿಸದೆ ಎಜಿಎಂ ಹಾಕಿಸುವುದು ದುಡ್ಡು ಸಮುದ್ರಕ್ಕೆ ಹಾಕಿದಂತೆ.

ಅದೇ ಹೊಸ ಕಾರುಗಳ ಸಣ್ಣ ಮಾದರಿಗಳಿಗೆ ಬರುವ ಇಎಫ್‌ಬಿ ಎಂಬ ಬ್ಯಾಟರಿ ಇದೆ. ಒಳಗೆ ದ್ರವ ಆಸಿಡ್ಡೇ, ಪ್ಲೇಟುಗಳು ಮಾತ್ರ ಗಟ್ಟಿ. ಅರ್ಧಂಬರ್ಧ ಚಾರ್ಜಿನಲ್ಲಿ ಬದುಕುವುದು ಇದಕ್ಕೆ ಸ್ವಲ್ಪ ಅಭ್ಯಾಸ. ಅಳತೆ ಹೊಂದಿದರೆ ಪ್ಲಗ್ ಇಲ್ಲದ ಸೊಸೈಟಿಯವರು ಯೋಚಿಸಬಹುದು.

ಲಿಥಿಯಂ ಬೇಡ. ತೂಕ ಕಡಿಮೆ ಎಂಬುದು ನಿಜ, ಆದರೆ ಕರೆಂಟಿಗೆ ಅದು ಒಡ್ಡುವ ಒಳ ತಡೆ ಬಹಳ ಕಡಿಮೆ. ಖಾಲಿಯಾಗಿದ್ದಾಗ ಡೈನಮೋ ಎಷ್ಟು ಕೊಟ್ಟರೂ ಅಷ್ಟನ್ನೂ ಎಳೆಯುತ್ತದೆ. 22 ಆಂಪಿಯರ್‌ನ ಹಳೇ ಲೂಕಾಸ್ ಡೈನಮೋ ಗಂಟೆಗಟ್ಟಲೆ 22 ಕೊಡುತ್ತಾ ಕೂತರೆ ಒಳಗಿನ ವೈಂಡಿಂಗ್ ಸುಡುತ್ತದೆ. ರೇಸಿಗೆ ಓಡಿಸುವವರ ಲೆಕ್ಕ ಬೇರೆ.

ಮನೆಯ ಇನ್ವರ್ಟರ್ ಬ್ಯಾಟರಿ ಹಾಕಿ ನೋಡುವವರಿದ್ದಾರೆ. ಅದರ ಪ್ಲೇಟುಗಳು ನಿಧಾನವಾಗಿ ತುಂಬಾ ಹೊತ್ತು ಕೊಡಲು ಮಾಡಿದವು, ಸೆಲ್ಫ್ ಕೇಳುವ ಒಮ್ಮೆಲೇ 150 ಆಂಪಿಯರ್‌ಗೆ ಅಲ್ಲ.

ಎಷ್ಟು ದೊಡ್ಡದು ಬೇಕು?

ಫಿಯೆಟ್‌ನ 1089 ಸಿಸಿ ಪೆಟ್ರೋಲ್ ಎಂಜಿನ್‌ಗೆ 35ರಿಂದ 45 ಆಂಪಿಯರ್-ಅವರ್ ಧಾರಾಳ ಸಾಕು. ಐದು ಸೆಕೆಂಡ್ ಸೆಲ್ಫ್ ಹೊಡೆದು 150 ಆಂಪಿಯರ್ ಎಳೆದರೂ ಖರ್ಚಾಗುವುದು 0.2 ಆಂಪಿಯರ್-ಅವರ್ ಮಾತ್ರ. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್‌ಗೆ 45ರಿಂದ 50 ಹಾಕಿಸಿ. ಡೀಸೆಲ್ ಅಂಬಾಸಿಡರ್ ಮಾತ್ರ ನಿಜವಾಗಿಯೂ ದೊಡ್ಡದು ಕೇಳುತ್ತದೆ, 65ಕ್ಕಿಂತ ಕಡಿಮೆ ಬೇಡ.

ಅಳತೆಯನ್ನು ಟೇಪ್ ಹಿಡಿದೇ ನೋಡಬೇಕು. ಅಂಗಡಿಯಲ್ಲಿ 38ಬಿ20 ಎಂದು ಕೇಳುವ ಜಪಾನ್ ಮಾದರಿ ಸುಮಾರು 197 ಮಿಲಿಮೀಟರ್ ಉದ್ದ, 129 ಅಗಲ. ಡಿನ್44 ಎಂಬುದು 207 ಉದ್ದ, 175 ಅಗಲ, ಆದರೆ ಗಿಡ್ಡ. ಕೊನೆಯಲ್ಲಿರುವ ಎಲ್ ಅಥವಾ ಆರ್ ಅಕ್ಷರ ಪಾಸಿಟಿವ್ ಯಾವ ಬದಿಗಿದೆ ಎಂದು ಹೇಳುತ್ತದೆ. ತಪ್ಪು ಅಕ್ಷರದ್ದು ತಂದರೆ ಕೇಬಲ್ ಮುಟ್ಟುವುದಿಲ್ಲ, ಆಗ ಎಳೆದು ಜಗ್ಗಿ ಹಾಕುತ್ತಾರೆ, ಅದು ಯಾವುದಾದರೂ ಚೂಪಾದ ತಗಡಿಗೆ ಉಜ್ಜಿ ಶಾರ್ಟ್ ಆಗುತ್ತದೆ. ಜಪಾನ್ ಮಾದರಿಯ ಎಷ್ಟೋ ಬ್ಯಾಟರಿಗಳಲ್ಲಿ ಪೋಸ್ಟ್ ಸಪೂರ, ಹಳೇ ಗಾಡಿಯ ಕೇಬಲ್ ತುದಿಯ ಹಿಡಿ (ಲಗ್) ದಪ್ಪ ಪೋಸ್ಟಿನದ್ದು. ನಡುವೆ ತಗಡು ತುರುಕಿ ಬಿಗಿ ಮಾಡುವುದು ನಮ್ಮ ಗ್ಯಾರೇಜುಗಳ ಹಳೇ ಚಾಳಿ. ಅದು ಬೇಡ, ಸೀಸದ ಉಂಗುರ ಸಿಗುತ್ತದೆ, ಅದನ್ನೇ ಹಾಕಿಸಿ.

ಎತ್ತರವೂ ಮುಖ್ಯ, ಬೀಟಲ್ ಇದ್ದವರಂತೂ ಗಮನಿಸಲೇಬೇಕು. ಅದರ ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ. ಎತ್ತರದ ಬ್ಯಾಟರಿ ಹಾಕಿ ಮೇಲೆ ಇಬ್ಬರು ಕೂತರೆ ಸೀಟಿನ ಸ್ಪ್ರಿಂಗು ಟರ್ಮಿನಲ್‌ಗೆ ತಾಗಿ ಕಿಡಿ ಹಾರುತ್ತದೆ. ಬೀಟಲ್‌ಗಳು ಹೀಗೆ ಸುಟ್ಟು ಹೋಗಿವೆ. ಗಿಡ್ಡ ಬ್ಯಾಟರಿಯೇ ಹಾಕಿ, ಮೇಲೆ ಗಟ್ಟಿ ಪ್ಲಾಸ್ಟಿಕ್ ಮುಚ್ಚಳ ಇರಲೇಬೇಕು.

6 ವೋಲ್ಟ್ ಗಾಡಿ ಇದ್ದವರಿಗೆ

1956ಕ್ಕಿಂತ ಹಿಂದಿನ ಅಮೆರಿಕದ ಫೋರ್ಡ್, 1955ಕ್ಕಿಂತ ಹಿಂದಿನ ಷೆವ್ರೋಲೆ, ಯುದ್ಧಕಾಲದ ವಿಲ್ಲೀಸ್ ಜೀಪು, 1960ರ ದಶಕದ ಮಧ್ಯದವರೆಗಿನ ಬೀಟಲ್, ಇವೆಲ್ಲ 6 ವೋಲ್ಟ್. ಗೋವಾದಲ್ಲಿ ಪೋರ್ಚುಗೀಸರ ಕಾಲದಲ್ಲಿ ಬಂದ ಯುರೋಪಿನ ಗಾಡಿಗಳಲ್ಲೂ ಇವು ಸಿಗುತ್ತವೆ. ಮೂರು ದಾರಿಗಳಿವೆ: 6 ವೋಲ್ಟನ್ನೇ ಉಳಿಸಿಕೊಳ್ಳುವುದು, 8 ವೋಲ್ಟಿನ ಬ್ಯಾಟರಿ ಹಾಕುವುದು, ಪೂರ್ತಿ 12ಕ್ಕೆ ಬದಲಾಯಿಸುವುದು.

8 ವೋಲ್ಟಿನದ್ದು ಅಡ್ಡದಾರಿ. ಸೆಲ್ಫ್ ಜೋರಾಗಿ ತಿರುಗುತ್ತದೆ, ಬಲ್ಬುಗಳು ಬೇಗ ಸುಡುತ್ತವೆ, ಕಟ್‌ಔಟ್ ತಿರುಚಿ ಹೊಂದಿಸದಿದ್ದರೆ ಬ್ಯಾಟರಿ ಎಂದೂ ತುಂಬುವುದಿಲ್ಲ. 12ಕ್ಕೆ ಬದಲಾಯಿಸಿದರೆ ಬಲ್ಬು, ಕಾಯಿಲ್, ಹಾರ್ನ್, ವೈಪರ್ ಮೋಟಾರ್, ಮೀಟರುಗಳು, ಡೈನಮೋ ಎಲ್ಲ ಮುಟ್ಟಬೇಕು. ಮೂಲ ಗಾಡಿ ಮೂಲದ ಹಾಗೇ ಇರಲಿ ಎಂಬ ಆಸೆ ಇದ್ದವರಿಗೆ ಅದು ಬೇಸರದ ಕೆಲಸ.

6ರಲ್ಲೇ ಇರಿ ಎಂಬುದು ನನ್ನ ಮಾತು. ‘6 ವೋಲ್ಟ್ ಗಾಡಿ ಬೆಳಿಗ್ಗೆ ಎದ್ದೇಳುವುದಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ತೆಳು ಕೇಬಲ್. ಅಷ್ಟೇ ಶಕ್ತಿಗೆ 6 ವೋಲ್ಟ್‌ನಲ್ಲಿ ಎರಡು ಪಟ್ಟು ಆಂಪಿಯರ್ ಹರಿಯಬೇಕು, ಅದಕ್ಕೆ ಕಾರ್ಖಾನೆಯವರು ಹೆಬ್ಬೆರಳು ದಪ್ಪದ ಕೇಬಲ್ ಹಾಕಿದ್ದರು. ಎಂದೋ ಅದು ಹೋದಾಗ ಯಾರೋ 12 ವೋಲ್ಟಿನ ಸಪೂರ ಕೇಬಲ್ ಹಾಕಿಬಿಟ್ಟಿರುತ್ತಾರೆ. ದಪ್ಪ ವೆಲ್ಡಿಂಗ್ ಕೇಬಲ್ ತಂದು ಎರಡೂ ಬದಿ ತಾಮ್ರದ ಲಗ್ ಹಾಕಿಸಿ. ಗಾಡಿ ಹೊಸ ಹುರುಪಿನಿಂದ ತಿರುಗುತ್ತದೆ. ಕಾರಿನ ಅಳತೆಯ 6 ವೋಲ್ಟ್ ಬ್ಯಾಟರಿ ಶೋರೂಮಿನಲ್ಲಿ ಸಿಗದಿದ್ದರೆ, ಬ್ಯಾಟರಿ ಕಟ್ಟಿಕೊಡುವ ಹಳೇ ಅಂಗಡಿಗಳಲ್ಲಿ ಮೂರು ಸೆಲ್ಲಿನದ್ದು ಹೇಳಿ ಮಾಡಿಸಬಹುದು. ಮೇಲೆ ಹೇಳಿದ ಮೀಟರಿನ ಅಂಕಿಗಳನ್ನೆಲ್ಲ ಅರ್ಧ ಮಾಡಿಕೊಳ್ಳಿ. ಸೆಲ್ಫ್ ಹೊಡೆಯುವಾಗ 4.8, ಚಾರ್ಜ್ ಆಗುವಾಗ 6.9ರಿಂದ 7.2.

ಅಂಗಡಿಯಲ್ಲಿ

ಪುಣೆಯವರಿಗೆ ನಾನಾ ಪೇಠ್‌ನ ಬಿಡಿಭಾಗದ ಸಾಲು ಗೊತ್ತೇ ಇದೆ. ಎಕ್ಸೈಡ್‌ನ ಕಾರ್ಖಾನೆ ಅಲ್ಲೇ ಚಿಂಚವಾಡದಲ್ಲಿದೆ. ಬ್ರ್ಯಾಂಡ್ ಬಗ್ಗೆ ನಾನು ಜಗಳಕ್ಕೆ ಹೋಗುವುದಿಲ್ಲ. ಎಕ್ಸೈಡ್, ಅಮರಾನ್, ಎಸ್‌ಎಫ್, ಟಾಟಾ ಗ್ರೀನ್, ಯಾವುದೂ ಆದೀತು. ಬ್ರ್ಯಾಂಡಿಗಿಂತ ಜಾಸ್ತಿ ನೋಡಬೇಕಾದದ್ದು ತಯಾರಾದ ತಿಂಗಳು. ಮೂರು ತಿಂಗಳಿಗಿಂತ ಹಳೆಯದಾದರೆ ಬೇರೆ ಕೊಡಿ ಅನ್ನಿ. ನಿಮ್ಮೆದುರೇ ಮೀಟರ್ ಹಿಡಿಯಲಿ, 12.5ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿಯೇ ಕೊಡಲಿ.

ವಾರಂಟಿಯ ತಿಂಗಳು ನೋಡಿ ಮರುಳಾಗಬೇಡಿ. 36 ತಿಂಗಳು ಎಂದು ಬರೆದಿದ್ದರೆ ಹೆಚ್ಚಾಗಿ ಮೊದಲ ಭಾಗಕ್ಕೆ ಮಾತ್ರ ಪುಕ್ಕಟೆ ಬದಲಿ, ಉಳಿದದ್ದಕ್ಕೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಬಿಡುವುದು. ಅದಕ್ಕಿಂತ ದೊಡ್ಡ ವಿಷಯ ಎಂದರೆ ನಿಂತು ಖಾಲಿಯಾದ ಬ್ಯಾಟರಿಯನ್ನು ವಾರಂಟಿಯಲ್ಲಿ ದೋಷ ಎಂದು ಒಪ್ಪುವುದಿಲ್ಲ. ಚಾರ್ಜ್ ಮಾಡಿ ವಾಪಸ್ ಕೊಡುತ್ತಾರೆ. ನಮ್ಮಂಥವರ ಬ್ಯಾಟರಿ ಸಾಯುವುದೇ ಹಾಗಾದ್ದರಿಂದ ಉದ್ದ ವಾರಂಟಿಗೆ ಜಾಸ್ತಿ ಕೊಡುವ ದುಡ್ಡಿನಲ್ಲಿ ಒಳ್ಳೆಯ ಚಾರ್ಜರ್ ಬರುತ್ತದೆ. ಎರಡರಲ್ಲಿ ಒಂದು ಎಂದರೆ ನಾನು ಚಾರ್ಜರ್ ಕಡೆ.

ಹಳೇ ಬ್ಯಾಟರಿಯನ್ನು ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಳೆಯಿಸಿ, ಬಿಲ್ಲಿನಲ್ಲಿ ಬರೆಸಿ. ಕಾನೂನೂ ಅದನ್ನೇ ಹೇಳುತ್ತದೆ, 2022ರ ನಿಯಮದಂತೆ ಹಳೇ ಬ್ಯಾಟರಿಗಳನ್ನು ವಾಪಸ್ ಪಡೆದು ಸರಿಯಾದ ಕಡೆ ಕರಗಿಸುವ ಹೊಣೆ ತಯಾರಕರ ಮೇಲಿದೆ. ಬೀದಿ ಗುಜರಿಯವರು ಐವತ್ತು ರೂಪಾಯಿ ಜಾಸ್ತಿ ಕೊಡಬಹುದು. ಆ ಆಸಿಡ್ ಯಾವುದೋ ಚಾಳಿನ ಗಟಾರಕ್ಕೆ ಹೋಗುತ್ತದೆ, ಸೀಸದ ಹೊಗೆ ಅಲ್ಲಿನ ಮಕ್ಕಳ ಮೂಗಿಗೆ ಹೋಗುತ್ತದೆ.

ಹಾಕುವ ದಿನ

ಹಳೇ ಬ್ಯಾಟರಿ ಎತ್ತಿದ ಕೂಡಲೇ ತಟ್ಟೆಯನ್ನು ನೋಡಿ. ಬಿಳಿ ಹಸಿರು ಪುಡಿ, ಕೆಳಗೆ ತುಕ್ಕಿನ ಪದರ ಇರುತ್ತದೆ. ಅಡುಗೆ ಸೋಡಾ ನೀರಿನಲ್ಲಿ ಕಲಸಿ ಸುರಿದರೆ ಉಳಿದ ಆಸಿಡ್ ನೊರೆಯಾಗಿ ಶಾಂತವಾಗುತ್ತದೆ. ಒಣಗಿಸಿ, ತುಕ್ಕು ಕೆರೆದು, ಪ್ರೈಮರ್ ಬಳಿದು, ಮೇಲೆ ರಬ್ಬರ್ ಶೀಟು ಹಾಸಿ. ಬಿಚ್ಚುವಾಗ ಬಾಡಿಗೆ ಹೋದ ಅರ್ಥ್ ಮೊದಲು, ಹಾಕುವಾಗ ಅದೇ ಕೊನೆಗೆ. ಆಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಬರುವುದಿಲ್ಲ. ಮೇಲಿನ ಪಟ್ಟಿ ಬಿಗಿಯಾಗಿರಲಿ, ಅಲುಗಾಡುವ ಬ್ಯಾಟರಿಯ ಪ್ಲೇಟುಗಳು ಘಾಟಿನ ಒಂದೇ ಪ್ರಯಾಣದಲ್ಲಿ ಉದುರುತ್ತವೆ. ಬಿಗಿ ಮಾಡಿದ ಮೇಲೆ ಟರ್ಮಿನಲ್‌ಗೆ ವ್ಯಾಸಲೀನ್ ಸವರಿ.

ಮಾರನೇ ದಿನ ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು ವೋಲ್ಟ್ ನೋಡಿ. ತಾರೀಖು, ಅಂಕಿ ಎರಡನ್ನೂ ಕಾಗದದ ಟೇಪಿನ ಮೇಲೆ ಬರೆದು ಬ್ಯಾಟರಿಗೆ ಅಂಟಿಸಿ. ತಿಂಗಳು ಕಳೆದ ಮೇಲೆ ಅದೇ ಮೀಟರಿನಲ್ಲಿ ಮತ್ತೆ ನೋಡಿ. 12.4ರ ಹತ್ತಿರ ಬಂದಿದ್ದರೆ ಚಾರ್ಜರ್‌ಗೆ ಹಾಕಿ. 12.2ಕ್ಕೆ ಇಳಿದಿದ್ದರೆ ಗಾಡಿಯಲ್ಲಿ ಎಲ್ಲೋ ಕರೆಂಟ್ ಸೋರುತ್ತಿದೆ. ಅರ್ಥ್ ಕೇಬಲ್ ಬಿಚ್ಚಿ ನಡುವೆ ಆಂಪಿಯರ್ ಮೀಟರ್ ಹಿಡಿದು, ಫ್ಯೂಸುಗಳನ್ನು ಒಂದೊಂದಾಗಿ ಎಳೆಯುತ್ತಾ ಹೋಗಿ. ಯಾವುದನ್ನು ಎಳೆದಾಗ ಮೀಟರ್ ಸೊನ್ನೆಗೆ ಬರುತ್ತದೋ ಆ ವೈರು ಹಿಡಿದು ಹುಡುಕಿ.